ಕಡ್ಲಿ ಪಲ್ಯ ತಿಕ್ಕಿ ತೊಳೀಬೇಡಿ

ನಮ್ಮ ವಿಜಯಪುರದ ಸಂತೆಗೆ ಕಡ್ಲಿ ಪಲ್ಯ, ಅಂದ್ರೆ ಕಡಲೆ ಗಿಡದ ಎಳೆ ಸೊಪ್ಪು, ಬರೋ ಕಾಲ ಇದು. ಎರೆ ಹೊಲದಲ್ಲಿ ಕಡಲೆ ಗಿಡ ಗೇಣುದ್ದ ಆದಾಗ ಕುಡಿ ಚಿವುಟುತ್ತಾರೆ. ಗಿಡಕ್ಕೆ ಟಿಸಿಲು ಜಾಸ್ತಿ, ನಮಗೆ ರೊಟ್ಟಿ ಜೊತೆಗೆ ಸೊಪ್ಪು.

ಹೊಸದಾಗಿ ಮಾಡುವವರು ಇದನ್ನು ಮೆಂತ್ಯದ ಹಾಗೆ ನಾಲ್ಕು ಸಲ ತೊಳೆದು ಕೆಡಿಸುತ್ತಾರೆ. ಇದರ ಹುಳಿ ಇರೋದೇ ಎಲೆ ಮೇಲಿನ ಸಣ್ಣ ಕೂದಲಲ್ಲಿ. ಚಿವುಟುವಾಗ ಬೆರಳಿಗೆ ಅಂಟಂಟು ಹತ್ತುತ್ತದಲ್ವಾ, ಅದೇ. ತಿಕ್ಕಿ ತೊಳೆದರೆ ರುಚಿಯೂ ನೀರಿನ ಜೊತೆ ಹೋಗುತ್ತದೆ. ಔಷಧಿ ಹೊಡೆಯದ ಹೊಲದ್ದೇ ಕೇಳಿ ತನ್ನಿ, ಒಂದು ಸಲ ನೀರಲ್ಲಿ ಅದ್ದಿ ತೆಗೆಯಿರಿ, ಸಾಕು.

ಎರಡು ಹಿಡಿ ಸೊಪ್ಪು, ಅರ್ಧ ಬಟ್ಟಲು ತೊಗರಿಬೇಳೆ, 2 ಚಮಚ ಜೋಳದ ನುಚ್ಚು ಮೆತ್ತಗೆ ಬೇಯಿಸಿ ಕಡಗೋಲಿನಿಂದ ಕಡೆಯಿರಿ. ಹಸಿಮೆಣಸಿನಕಾಯಿ, ಜೀರಿಗೆ ಕುಟ್ಟಿ ಹಾಕಿ ಕುದಿಸಿ. ಹುಣಸೆಹಣ್ಣು ಬೇಡವೇ ಬೇಡ. ಉಪ್ಪು ಕೊನೆಗೆ, ರುಚಿ ನೋಡಿಯೇ ಹಾಕಿ. ಸೊಪ್ಪೇ ಸ್ವಲ್ಪ ಉಪ್ಪುಪ್ಪಾಗಿರುತ್ತದೆ. ನಾನು ಒಮ್ಮೆ ಸುಮ್ನೆ ರೂಢಿ ಮೇಲೆ ಉಪ್ಪು ಹಾಕಿ ಇಡೀ ಪಾತ್ರೆ ಕೆಡಿಸಿದ್ದೆ. ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆಗೆ ಮಾತ್ರ ಜಿಪುಣತನ ಮಾಡಬೇಡಿ.

ಉಳಿದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ, ಬೇಸಿಗೆಗೆ ಆಗುತ್ತದೆ.