ಹುಣ್ಣಿಮೆ-ಅಮಾವಾಸ್ಯೆಯ ಇಂಜೆಕ್ಷನ್: ಬಯೋಲಾಜಿಕ್ ಪ್ರಮಾಣ ಇಳಿಸುವಲ್ಲಿ ನನ್ನ ಅನುಭವ

ಸಂಧಿವಾತಕ್ಕೆ ಕೊಡುವ ಬಯೋಲಾಜಿಕ್ (ಜೀವಕೋಶಗಳಲ್ಲಿ ತಯಾರಿಸುವ, ಉರಿಯೂತ ತಗ್ಗಿಸುವ ದುಬಾರಿ ಇಂಜೆಕ್ಷನ್) ಔಷಧಿಯ ಪ್ರಮಾಣವನ್ನು ನಾನು ಇಳಿಸತೊಡಗುವ ಮೊದಲೇ ನನ್ನ ರೋಗಿಗಳಲ್ಲಿ ಕೆಲವರು ತಾವಾಗಿಯೇ ಇಳಿಸಿಕೊಂಡಿದ್ದರು. ಇದು ನನಗೆ ತಿಳಿದದ್ದು ಬೆಟಗೇರಿಯ ನೇಕಾರರ ಮನೆಯ ಒಬ್ಬ ಹೆಣ್ಣುಮಗಳಿಂದ. ಆಕೆಗೆ 14 ದಿನಕ್ಕೊಮ್ಮೆ 40 ಮಿಲಿಗ್ರಾಂ ಅಡಾಲಿಮುಮ್ಯಾಬ್ ಎಂಬ ಬಯೋಲಾಜಿಕ್, ಜೊತೆಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ದೆ. ರೋಗದ ತೀವ್ರತೆ ಅಳೆಯುವ ಡಾಸ್-28 ಅಂಕ ಆರು ತಿಂಗಳಿಂದ 2.6ಕ್ಕಿಂತ ಕೆಳಗಿತ್ತು, ಅಂದರೆ ರೋಗ ಪೂರ್ತಿ ಶಾಂತವಾಗಿತ್ತು. ಸಂತೋಷದಿಂದಲೇ ‘ಇನ್ನು ಮುಂದೆ ಇಂಜೆಕ್ಷನ್ ಒಂದು ವಾರ ತಡಮಾಡಿ ತೆಗೆದುಕೊಳ್ಳಿ’ ಎಂದು ಹೇಳಿ ಹುಬ್ಬಳ್ಳಿಯಿಂದ ಕಳುಹಿಸಿದೆ.

ಮೂರು ತಿಂಗಳು ತುಂಬುವ ಮೊದಲೇ ಆಕೆ ಎರಡೂ ಮಣಿಕಟ್ಟು ಊದಿಸಿಕೊಂಡು ಬಂದರು. ‘ರೊಟ್ಟಿ ಬಡಿಯಾಕ ಆಗವಲ್ದ್ರಿ, ಮುಂಜಾನೆ ಎರಡು ತಾಸು ಕೈ ಹಿಡಕೊಂಡಿರ್ತಾವ್ರಿ’ ಎಂದರು. ಇಂಜೆಕ್ಷನ್ ಯಾವ ಯಾವ ದಿನ ಆಯಿತೆಂದು ಕೇಳಿದಾಗ ಚೀಲದಿಂದ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದರು. ಹಾಲಿನ ಲೆಕ್ಕದ ಗೀಟುಗಳ ನಡುವೆ ಇಂಜೆಕ್ಷನ್ ಪಡೆದ ದಿನಗಳಿಗೆ ಕುಂಕುಮದ ಬೊಟ್ಟು ಇಟ್ಟಿದ್ದರು. ಮೊದಮೊದಲು ಹುಣ್ಣಿಮೆಗೊಂದು, ಅಮಾವಾಸ್ಯೆಗೊಂದು ಬೊಟ್ಟು. ಆಮೇಲೆ ಖರ್ಚು ಹೊರಲಾಗದೆ ಅಮಾವಾಸ್ಯೆಯ ಬೊಟ್ಟು ನಿಂತುಹೋಗಿತ್ತು. ನಾನು 14 ದಿನದ ಅಂತರವನ್ನು 21ಕ್ಕೆ ಒಯ್ಯುತ್ತಿದ್ದೇನೆ ಎಂದುಕೊಂಡಿದ್ದರೆ, ಆಕೆ ತಿಂಗಳಿಗೊಮ್ಮೆ ಪಡೆಯುತ್ತಿದ್ದುದಕ್ಕೆ ಇನ್ನೊಂದು ವಾರ ಸೇರಿಸಿ 37 ದಿನಕ್ಕೆ ಒಯ್ದಿದ್ದರು. ಆಕೆ ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ, ನಾನೇ ಕೇಳಿರಲಿಲ್ಲ. ಆ ತಪ್ಪು ನನ್ನದು, ಅದರ ನೋವು ಅವರ ಕೈಗಳಿಗೆ ಬಂತು.

ಅಂದಿನಿಂದ ಯಾರ ಪ್ರಮಾಣವನ್ನು ಮುಟ್ಟುವುದಿದ್ದರೂ ಮೊದಲು ಕ್ಯಾಲೆಂಡರ್ ಹಾಳೆ, ಇಲ್ಲವೆ ಖಾಲಿ ಡಬ್ಬಿಗಳನ್ನು ತರಿಸಿ ನೋಡುತ್ತೇನೆ. ‘ಒಂದು ವಾರ ಮುಂದಕ್ಕೆ’ ಎಂಬ ಮಾತನ್ನು ಬಿಟ್ಟಿದ್ದೇನೆ. ಮುಂದಿನ ನಾಲ್ಕು ಇಂಜೆಕ್ಷನ್‌ಗಳ ತಾರೀಖನ್ನು ಚೀಟಿಯ ಮೇಲೆ ಬರೆದೇ ಕೊಡುತ್ತೇನೆ. ಹದಿನಾಲ್ಕು ದಿನದ ಲೆಕ್ಕಕ್ಕೆ ಹುಣ್ಣಿಮೆ-ಅಮಾವಾಸ್ಯೆ ಚೆನ್ನಾಗಿ ಒದಗುತ್ತವೆ, ಆದರೆ 21 ದಿನಕ್ಕೆ ಪಂಚಾಂಗದಲ್ಲಿ ಆಸರೆಯಿಲ್ಲ. ಆದ್ದರಿಂದ ‘ಹಿಂದಿನ ಇಂಜೆಕ್ಷನ್ ಆದ ಸೋಮವಾರದಿಂದ ಮೂರನೆಯ ಸೋಮವಾರ’ ಎಂದು ವಾರದ ಹೆಸರನ್ನೇ ಹಿಡಿಸುತ್ತೇನೆ. ಮೆಥೊಟ್ರೆಕ್ಸೇಟಿಗೆ ವಾರದ ಬೇರೊಂದು ದಿನ ಗೊತ್ತುಮಾಡಿ, ಅದು ವಾರಕ್ಕೆ ಒಂದೇ ದಿನ ಎಂಬುದನ್ನು ಪ್ರತಿ ಸಲವೂ ಹೇಳಿಸಿಕೊಳ್ಳುತ್ತೇನೆ, ಏಕೆಂದರೆ ಅದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಇಳಿಸುವುದರಲ್ಲಿಯೂ ಒಂದು ಸರದಿಯಿದೆ. ಮೊದಲು ಹೋಗಬೇಕಾದದ್ದು ಸ್ಟಿರಾಯ್ಡ್. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ನಡೆಯುತ್ತಿರುವಾಗ ಬಯೋಲಾಜಿಕ್ ಇಳಿಸಿದರೆ ರೋಗವನ್ನು ಯಾವ ಔಷಧಿ ಹಿಡಿದಿಟ್ಟಿದೆ ಎಂಬುದೇ ತಿಳಿಯುವುದಿಲ್ಲ. ಸ್ಟಿರಾಯ್ಡ್ ನಿಂತ ಮೇಲೆ ಕನಿಷ್ಠ ಆರು ತಿಂಗಳು ರೋಗ ಶಾಂತವಾಗಿದ್ದರೆ ಮಾತ್ರ ಅಡಾಲಿಮುಮ್ಯಾಬನ್ನು 14ರಿಂದ 21 ದಿನಕ್ಕೆ, ಮೂರು ತಿಂಗಳು ಕಾದು 28 ದಿನಕ್ಕೆ ಒಯ್ಯುತ್ತೇನೆ. 50 ಮಿಲಿಗ್ರಾಂ ಎಟಾನರ್ಸೆಪ್ಟ್ ಎಂಬ ಇನ್ನೊಂದು ಬಯೋಲಾಜಿಕ್ ಆದರೆ 7ರಿಂದ 10, ಆಮೇಲೆ 14 ದಿನ. ಈ ಮೆಟ್ಟಿಲುಗಳನ್ನು ನಾನು ತೆಗೆದುಕೊಂಡದ್ದು ನೆದರ್ಲೆಂಡ್ಸಿನಲ್ಲಿ 180 ರುಮಟಾಯ್ಡ್ ಸಂಧಿವಾತದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಡ್ರೆಸ್ ಅಧ್ಯಯನದಿಂದ. ಅಲ್ಲಿ ಇಳಿಸಿ ನೋಡಿದವರಲ್ಲಿ ಹದಿನೆಂಟು ತಿಂಗಳಿಗೆ ನೂರಕ್ಕೆ 20 ಮಂದಿ ಔಷಧಿಯನ್ನೇ ನಿಲ್ಲಿಸಲು ಸಾಧ್ಯವಾಯಿತು, 43 ಮಂದಿ ಅಂತರ ಹೆಚ್ಚಿಸಿಕೊಂಡರು, 37 ಮಂದಿಗೆ ಯಾವ ಇಳಿಕೆಯೂ ಒಗ್ಗಲಿಲ್ಲ. ರೋಗದ ದೀರ್ಘಕಾಲದ ಕೆರಳಿಕೆ ಇಳಿಸಿದವರು, ಇಳಿಸದೆ ಮುಂದುವರಿದವರು ಎಂಬ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮವಾಗಿದ್ದರೂ, ಅಲ್ಪಕಾಲದ ಕೆರಳಿಕೆ ಇಳಿಸಿದವರಲ್ಲಿ ಬಹಳ ಹೆಚ್ಚಾಗಿತ್ತು. ಇದನ್ನು ಮುಚ್ಚಿಡದೆ ರೋಗಿಗೆ ಮೊದಲೇ ಹೇಳುತ್ತೇನೆ. ಅಡಾಲಿಮುಮ್ಯಾಬಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಎರಡು ವಾರ ಬೇಕಾಗುವುದರಿಂದ, ಮೊದಲ ತಿಂಗಳು ಹಾಯಾಗಿ ಕಳೆಯಿತೆಂದು ಯಾರೂ ಧೈರ್ಯ ತಂದುಕೊಳ್ಳಬಾರದು.

ಮರಳಿ ಏರಿಸುವ ನಿರ್ಧಾರ ಇದಕ್ಕಿಂತ ಕಷ್ಟದ್ದು. ಪ್ರತಿ ಕೀಲನ್ನೂ ನನ್ನ ಹೆಬ್ಬೆರಳಿನ ಉಗುರು ಬಿಳಿಚುವಷ್ಟು ಒತ್ತಿ ನೋಡುತ್ತೇನೆ. ಒತ್ತಿದಾಗ ನೋವಿದ್ದು ಊತವಿಲ್ಲದಿದ್ದರೆ, ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಯಾದ ಸಿಆರ್‌ಪಿ ಕೂಡ ಸಹಜವಾಗಿದ್ದರೆ, ಅದು ಸವೆದ ಮೊಣಕಾಲಿನ ನೋವೋ, ಚಿಕೂನ್‌ಗುನ್ಯಾ ಬಿಟ್ಟುಹೋದ ನೋವೋ ಆಗಿರಬಹುದು. ಅದಕ್ಕೆ ಬಯೋಲಾಜಿಕ್ ಏರಿಸಿದರೆ ದುಡ್ಡೂ ಹಾಳು, ಸೋಂಕಿನ ಭಯವೂ ಹೆಚ್ಚು. ಬೆರಳ ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡು ಮೆತ್ತಗೆ ಹತ್ತಿದರೆ ಮಾತ್ರ ತಡಮಾಡದೆ, ರೋಗ ಕೊನೆಯದಾಗಿ ಶಾಂತವಾಗಿದ್ದ ಅಂತರಕ್ಕೆ ಮರಳುತ್ತೇನೆ. ಬೆಟಗೇರಿಯ ಆ ರೋಗಿಯಲ್ಲಿ ಊತ ಜೋರಾಗಿದ್ದ ಕಾರಣ ನೇರವಾಗಿ 14 ದಿನಕ್ಕೇ ಮರಳಿದೆ. ಆರು ವಾರದಲ್ಲಿ ಕೈ ಸಡಿಲವಾದವು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಈಗ 28 ದಿನದಲ್ಲಿ ನಿಂತಿದ್ದಾರೆ. ಅದಕ್ಕಿಂತ ಮುಂದೆ ಒಯ್ಯುವ ಆಸೆ ನನಗಿಲ್ಲ, ಅವರಿಗೂ ಇಲ್ಲ.

ಬೆನ್ನುಮೂಳೆಯ ಸಂಧಿವಾತವಿರುವ ತರುಣರಲ್ಲಿ ಇನ್ನೂ ನಿಧಾನವಾಗಿ ನಡೆಯುತ್ತೇನೆ, ಪೂರ್ತಿ ನಿಲ್ಲಿಸುವ ಮಾತು ಎತ್ತುವುದೇ ಇಲ್ಲ. ರುಮಟಾಯ್ಡ್ ರೋಗಿಯ ರಕ್ತದಲ್ಲಿ ಆ್ಯಂಟಿ-ಸಿಸಿಪಿ (ರೋಗ ಉಗ್ರವಾಗಬಹುದೆಂಬ ಸೂಚನೆ ಕೊಡುವ ಪ್ರತಿಕಾಯ) ಹೆಚ್ಚಿದ್ದು ಎಕ್ಸ್‌ರೇಯಲ್ಲಿ ಮೂಳೆ ಸವೆದಿರುವುದು ಕಾಣುತ್ತಿದ್ದರೆ, ಖರ್ಚಿನ ಭಾರ ಎಷ್ಟೇ ಇದ್ದರೂ ಇಳಿಸಲು ಅವಸರ ಮಾಡುವುದಿಲ್ಲ. ಅಂಥವರೊಡನೆ ಅಗ್ಗದ ಬಯೋಸಿಮಿಲರ್ (ಮೂಲ ಬಯೋಲಾಜಿಕ್ ಔಷಧಿಗೆ ಸರಿಸಮನಾಗಿ ಬೇರೆ ಕಂಪನಿ ತಯಾರಿಸಿದ ಔಷಧಿ) ಬಗ್ಗೆ ಮಾತಾಡುತ್ತೇನೆ. ಅಡಾಲಿಮುಮ್ಯಾಬಿನ ಬಯೋಸಿಮಿಲರ್ ನಮ್ಮ ದೇಶದಲ್ಲಿ 2014ರಿಂದಲೇ ದೊರೆಯುತ್ತಿದೆ. ದುಡ್ಡು ಹೊಂದದ ತಿಂಗಳು ಇಂಜೆಕ್ಷನ್ ತಪ್ಪಿಸುವ ಮೊದಲು ನನಗೊಂದು ಫೋನ್ ಮಾಡಬೇಕೆಂದು ಚೀಟಿಯ ಕೆಳಗೆ, ತಾರೀಖುಗಳ ಪಕ್ಕದಲ್ಲಿಯೇ, ಬರೆದು ಕೊಡುತ್ತೇನೆ.