ಗ್ರಿಂಡಲ್‌ಫರ್ಡ್‌ನಲ್ಲಿ ಇಳಿದು ಓಡುವವರಿಗೆ

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಮ್ಯಾಂಚೆಸ್ಟರ್ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿ. ಸ್ವಲ್ಪ ಹೊತ್ತಿಗೆ ಟಾಟ್ಲಿ ಸುರಂಗ ಬರುತ್ತದೆ. 1893ರಲ್ಲಿ ತೆರೆದದ್ದು, ಉದ್ದ ಐದೂವರೆ ಕಿಲೋಮೀಟರಿಗೂ ಜಾಸ್ತಿ. ಸುರಂಗದ ಕತ್ತಲು ಮುಗಿದ ಕೂಡಲೇ ಸಿಗುವ ಸ್ಟೇಷನ್ನೇ ಗ್ರಿಂಡಲ್‌ಫರ್ಡ್. ಇಳಿದರೆ ಮೊದಲು ಕೇಳುವುದು ಹಳ್ಳದ ಸದ್ದು. ಅದು ಬರ್ಬೇಜ್ ಹಳ್ಳ. ಅದರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶೆಫೀಲ್ಡಿಗೆ ಹೊಸದಾಗಿ ಬಂದ ಕನ್ನಡದ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಿರುತ್ತಾರೆ, "ಅಕ್ಕಾ, ಪಾರ್ಕ್‌ನಲ್ಲಿ ಸುತ್ತು ಹೊಡೆದು ಬೇಜಾರಾಯ್ತು, ಬೇರೆ ಎಲ್ಲಿ ಓಡೋದು?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು. ಮರವಿಲ್ಲದ ಹುಲ್ಲುಗುಡ್ಡಕ್ಕೆ ನಮ್ಮ ಕಡೆ ಬ್ಯಾಣ ಅನ್ನುತ್ತಾರೆ. ಇಲ್ಲಿನ ಬೋಳು ಗುಡ್ಡದ ಬಯಲಿಗೆ ಮೂರ್ ಅನ್ನುತ್ತಾರೆ. ದೂರದಿಂದ ಅದು ಬ್ಯಾಣದ ಹಾಗೇ ಕಾಣುತ್ತದೆ. ಕಾಲಿಟ್ಟ ಮೇಲೆ ಮಾತ್ರ ಬೇರೆ.

ಮೊದಲ ಸಲ ಬಂದವರು ಮೇಲೆ ಹತ್ತಬೇಡಿ. ಹೊಳೆ ಹಿಡಿದು ಓಡಿ. ಸ್ಟೇಷನ್‌ನಿಂದ ಊರಿನ ಸೇತುವೆಗೆ ಇಳಿದು ಡರ್ವೆಂಟ್ ಹೊಳೆ ದಾಟಿ, ಬಲಕ್ಕೆ ತಿರುಗಿ, ನೀರಿಗೆ ಎದುರಾಗಿ ಹೋಗಿ. ಕಾಡು, ಕುರಿ ಮೇಯುವ ಗದ್ದೆ, ಮತ್ತೆ ಕಾಡು, ಕೊನೆಗೆ ಲೆಡ್‌ಮಿಲ್ ಸೇತುವೆ. ಅಲ್ಲಿಂದ ಹ್ಯಾದರ್‌ಸೇಜ್ ಸ್ಟೇಷನ್ ಹತ್ತಿರವೇ ಇದೆ. ಎಲ್ಲ ಸೇರಿ ಐದಾರು ಕಿಲೋಮೀಟರ್, ಹೆಚ್ಚುಕಮ್ಮಿ ಸಮತಟ್ಟು. ವಾಪಸ್ ಬರಲು ರೈಲಿದೆ. ಬೇಲಿ ಸಿಕ್ಕಲ್ಲಿ ದಾಟಲು ಮೆಟ್ಟಿಲು ಇಟ್ಟಿರುತ್ತಾರೆ, ನಮ್ಮ ತೋಟದ ತಡಬೆಯ ಹಾಗೆ. ಗೇಟಿದ್ದರೆ ದಾಟಿದ ಮೇಲೆ ಮುಚ್ಚಿ. ಏಪ್ರಿಲ್‌ನಲ್ಲಿ ಮರಿ ಹಾಕಿದ ಕುರಿಗಳಿರುತ್ತವೆ, ಅವುಗಳ ಹತ್ತಿರ ಓಡದೆ ನಡೆಯಿರಿ. ಹಸು ಮತ್ತು ಕರುವಿನ ನಡುವೆ ಯಾವತ್ತೂ ಹೋಗಬೇಡಿ. ಹಳದಿ ಬಾಣದ ಗುರುತು ಕಾಲ್ನಡಿಗೆಯ ದಾರಿ. ನೀಲಿ ಇದ್ದರೆ ಅಲ್ಲಿ ಕುದುರೆ, ಸೈಕಲ್ ಕೂಡ ಬರಬಹುದು.

ಎರಡನೇ ಸಲ ಲಾಂಗ್‌ಶಾ ಸುತ್ತ ಓಡಿ. ಜಲ್ಲಿ ಹಾಕಿದ ಅಗಲ ದಾರಿಗಳಿವೆ, ಮಳೆಗಾಲದಲ್ಲೂ ಕಾಲು ಹೂಳುವುದಿಲ್ಲ. ಈ ಜಾಗ ಮೊದಲು ಶ್ರೀಮಂತರು ಹಕ್ಕಿ ಬೇಟೆಯಾಡುವ ಎಸ್ಟೇಟ್ ಆಗಿತ್ತು. 1927ರಲ್ಲಿ ಮಾರಾಟಕ್ಕೆ ಬಂದಾಗ ಎಥೆಲ್ ಹೇಥಾರ್ನ್‌ತ್ವೇಟ್ ಎಂಬ ಹೆಣ್ಣುಮಗಳು ಮುಂದೆ ನಿಂತು ಚಂದಾ ಎತ್ತಿಸಿದರು. ಶೆಫೀಲ್ಡಿನ ಜನ ದುಡ್ಡು ಕೂಡಿಸಿ 747 ಎಕರೆ ಕೊಂಡು, ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಇದನ್ನು ತಿಳಿದ ಮೇಲೆ ನಾನು ಅಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಟ್ಟು ಬಂದಿಲ್ಲ.

ಇವೆರಡೂ ರೂಢಿಯಾದ ಮೇಲೆ ಮೂರ್‌ಗೆ ಹೋಗಿ. ಸ್ಟೇಷನ್‌ನಿಂದ ಪ್ಯಾಡ್ಲಿ ಕಮರಿ ಹತ್ತಬೇಕು. ಓಕ್ ಮತ್ತು ಬರ್ಚ್ ಮರಗಳ ಹಳೇ ಕಾಡು. ಬೇರು, ಪಾಚಿಗಟ್ಟಿದ ಕಲ್ಲು, ಕೆಳಗೆ ಹಳ್ಳ. ನಾನು ಇಲ್ಲಿ ಓಡುವುದೇ ಇಲ್ಲ, ನಡೆಯುತ್ತೇನೆ. ಮೇಲೆ ಬಯಲು ಸಿಗುತ್ತದೆ. ಹಳ್ಳದ ಜೊತೆಗೇ ಹೋದರೆ ಟಾರು ರಸ್ತೆ. ಅದರ ಪಕ್ಕದಲ್ಲಿ ಕಪ್ಪೆಯ ಬಾಯಿಯಂತಹ ದೊಡ್ಡ ಬಂಡೆ ಇದೆ, ಯಾರೋ ಅದಕ್ಕೆ ಕಣ್ಣು ಕೂಡ ಕೆತ್ತಿದ್ದಾರೆ. ರಸ್ತೆ ದಾಟಿ ಗೇಟು ಹಾದರೆ ಬರ್ಬೇಜ್ ಕಣಿವೆ. ಬಲಗಡೆ ಬಂಡೆಸಾಲಿನ ಕೆಳಗೆ ಹಿಂದೆ ಸಾರೋಟು ಹೋಗುತ್ತಿದ್ದ ಅಗಲ ದಾರಿ ಇದೆ. ಇಡೀ ಓಟದಲ್ಲಿ ನಿಜವಾಗಿ ವೇಗ ಹಿಡಿಯುವ ಜಾಗ ಇದೊಂದೇ. ಕಣಿವೆಯ ತುದಿಯ ಸೇತುವೆಗಳ ಹತ್ತಿರ ಎಡಕ್ಕೆ ತಿರುಗಿ 434 ಮೀಟರ್ ಎತ್ತರದ ಹಿಗ್ಗರ್ ಟಾರ್ ಎಂಬ ಬಂಡೆಗುಡ್ಡ ಹತ್ತಿ. ಅಲ್ಲಿಂದ ಕಾರ್ಲ್ ವಾರ್ಕ್ ಎಂಬ ಹಳೇ ಕಲ್ಲುಕೋಟೆಗೆ ಇಳಿದು, ಹಳ್ಳ ದಾಟಿ, ಬಂದ ದಾರಿ ಸೇರಿ. ಒಟ್ಟು ಸುಮಾರು 11 ಕಿಲೋಮೀಟರ್. ರಸ್ತೆಯ ಮೇಲೆ ಇಷ್ಟು ದೂರಕ್ಕೆ ನನಗೆ ಒಂದು ಗಂಟೆ ಹತ್ತು ನಿಮಿಷ ಸಾಕು. ಇಲ್ಲಿ ಎರಡು ಗಂಟೆ ಇಟ್ಟುಕೊಳ್ಳುತ್ತೇನೆ. ಇಲ್ಲಿ ಕಿಲೋಮೀಟರ್ ಲೆಕ್ಕ ಹಿಡಿಯಬೇಡಿ, ನೆಲದ ಲೆಕ್ಕ ಹಿಡಿಯಿರಿ.

ನೆಲ ಗೊತ್ತಾಗುವುದು ಬಣ್ಣದಿಂದ. ಕಂದು ಬಣ್ಣದ ಗಿಡ್ಡ ಪೊದೆ ಹೆದರ್. ಆಗಸ್ಟ್‌ನಲ್ಲಿ ಹೂ ಬಿಟ್ಟು ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುತ್ತದೆ. ಅದರ ಬುಡದಲ್ಲಿ ನೆಲ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಆದರೆ ಕಡ್ಡಿಗಳು ಕಾಲಿಗೆ ತೊಡರುತ್ತವೆ. ಜೊಂಡಿನಂತಹ ಹುಲ್ಲು ಗುಂಪಾಗಿ ಬೆಳೆದಿದ್ದರೆ ಅಲ್ಲಿ ನೀರಿದೆ. ಜೂನ್‌ನಲ್ಲಿ ಬಿಳೀ ಹತ್ತಿಯ ಉಂಡೆಗಳು ಗಾಳಿಗೆ ಆಡುತ್ತಿದ್ದರೆ ಕೆಳಗೆ ಆಳವಾದ ಪೀಟ್ ಇದೆ ಅಂತ ಅರ್ಥ. ಪೀಟ್ ಎಂದರೆ ಪಾಚಿ, ಹುಲ್ಲು ಸಾವಿರಾರು ವರ್ಷ ಪೂರ್ತಿ ಕೊಳೆಯದೆ, ನೀರು ಹೀರಿಕೊಂಡು ಕೂತ ಕಪ್ಪು ಮಣ್ಣು. ಇಲ್ಲಿನ ಹಳ್ಳದ ನೀರಿಗೆ ಕಾಫಿ ಡಿಕಾಕ್ಷನ್ ಬಣ್ಣ ಬಂದಿರುವುದು ಅದರಿಂದಲೇ. ಎಲ್ಲಕ್ಕಿಂತ ಹುಷಾರಾಗಿರಬೇಕಾದ್ದು ಹೊಳೆಯುವ ಎಳೆ ಹಸಿರಿಗೆ. ನೋಡಲು ಮೆತ್ತನೆಯ ಹಾಸಿಗೆಯ ಹಾಗಿರುತ್ತದೆ. ಅದು ನೀರು ತುಂಬಿದ ಪಾಚಿ, ಕೆಳಗೆ ಹುದುಲು. ಮೊಣಕಾಲವರೆಗೂ ಹೋಗುತ್ತದೆ. ಎಳೆ ಹಸಿರು ಕಂಡರೆ ಸುತ್ತು ಹಾಕಿ, ಎಷ್ಟು ದೂರವಾದರೂ ಸರಿ. ಕಣ್ಣು ಯಾವಾಗಲೂ ಐದಾರು ಹೆಜ್ಜೆ ಮುಂದಿರಲಿ. ಹೆಜ್ಜೆ ಸಣ್ಣದಿರಲಿ. ರಸ್ತೆಯ ಶೂ ಇಲ್ಲಿ ನಡೆಯುವುದಿಲ್ಲ, ಅಡಿಯಲ್ಲಿ ಉಬ್ಬು ಹಲ್ಲುಗಳಿರುವ ಶೂ ಬೇಕು.

ಜರಿಗಿಡ ಎದೆಯೆತ್ತರ ಬೆಳೆದ ಕಡೆ ನೆಲ ಒಣಗಿರುತ್ತದೆ, ಆದರೆ ಅಲ್ಲಿ ಉಣುಗು ಇರುತ್ತದೆ. ನಮ್ಮ ಸಾಗರ, ಸೊರಬದವರಿಗೆ ಉಣುಗು ಅಂದರೆ ಏನು ಅಂತ ಹೇಳಬೇಕಾಗಿಲ್ಲ, ಮಂಗನ ಕಾಯಿಲೆ ನೋಡಿದ ಊರು ನಮ್ಮದು. ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ಮನೆಗೆ ಬಂದು ಸ್ನಾನಕ್ಕೆ ಮೊದಲು ಮಂಡಿಯ ಹಿಂದೆ, ತೊಡೆಯ ಸಂದು, ಕಂಕುಳು, ಸೊಂಟ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ಮೆಲ್ಲಗೆ ನೇರ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ಮುಟ್ಟಿಸುವುದು ಬೇಡ. ಆಮೇಲಿನ ವಾರಗಳಲ್ಲಿ ಚರ್ಮದ ಮೇಲೆ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಒಂದು ನವೆಂಬರ್ ಮಧ್ಯಾಹ್ನ ಹಿಗ್ಗರ್ ಟಾರ್ ಮೇಲೆ ನಿಂತಿದ್ದೆ. ಎರಡೇ ನಿಮಿಷದಲ್ಲಿ ಮಂಜು ಕವಿಯಿತು. ಎದುರಿಗಿದ್ದ ಕಾರ್ಲ್ ವಾರ್ಕ್ ಕಾಣದಾಯಿತು. ಚಳಿಗೆ ಫೋನ್ ಆಫ್ ಆಗಿತ್ತು. ತುಂಬಾ ಹೆದರಿದೆ. ಜೇಬಿನಲ್ಲಿ ದಿಕ್ಸೂಚಿ ಇತ್ತು, ಪೂರ್ವಕ್ಕೆ ಇಳಿದರೆ ಬರ್ಬೇಜ್ ಹಳ್ಳ ಸಿಗಲೇಬೇಕು ಅಂತ ಗೊತ್ತಿತ್ತು. ಒಂದೊಂದೇ ಹೆಜ್ಜೆ ಇಟ್ಟು ಇಳಿದೆ. ಕಣ್ಣಿಗೆ ಕಾಣುವ ಮೊದಲು ಕಿವಿಗೆ ನೀರು ಸಿಕ್ಕಿತು. ಅದರ ಜೊತೆಗೇ ನಡೆದು ರಸ್ತೆ ಸೇರಿದೆ. ಅದಕ್ಕೇ ಹೇಳುವುದು: ಹೊರಡುವ ಮೊದಲು ನಕ್ಷೆ ಹರಡಿ, ಯಾವ ಗುಡ್ಡದ ಯಾವ ಮಗ್ಗುಲಿನ ನೀರು ಎಲ್ಲಿಗೆ ಹರಿಯುತ್ತದೆ ಅಂತ ಬೆರಳಿಟ್ಟು ನೋಡಿ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡನೆನ್ಸ್ ಸರ್ವೆಯ 1:25,000 ನಕ್ಷೆ ಕಾಗದದ್ದೇ ಇರಲಿ. ಜೊತೆಗೆ ದಿಕ್ಸೂಚಿ, ಗಾಳಿ ತಡೆಯುವ ಜಾಕೆಟ್, ಸೀಟಿ. ತೊಂದರೆಯಾದರೆ ನಿಮಿಷದೊಳಗೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಫೋನ್ ಸಿಕ್ಕರೆ 999ಕ್ಕೆ ಮಾಡಿ, ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ.

ಮಾರ್ಚ್‌ನಿಂದ ಜುಲೈವರೆಗೆ ದಾರಿ ಬಿಟ್ಟು ಹೋಗಬೇಡಿ. ಕರ್ಲ್ಯೂ, ಗ್ರೌಸ್ ಹಕ್ಕಿಗಳು ನೆಲದಲ್ಲೇ ಗೂಡು ಕಟ್ಟುತ್ತವೆ, ಮೊಟ್ಟೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾಯಿ ಇದ್ದರೆ ಹಗ್ಗ ಕಟ್ಟಿ, ಈ ತಿಂಗಳುಗಳಲ್ಲಿ ಅದು ಕಾನೂನು ಕೂಡ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಗಿನ ರೈಲಿಗೇ ಬನ್ನಿ.

ವಾಪಸ್ ಬರುವಾಗ ಪ್ಯಾಡ್ಲಿ ಕಮರಿ ಇನ್ನೊಮ್ಮೆ ಸಿಗುತ್ತದೆ. ಕಾಲು ಸೋತಿರುತ್ತದೆ, ಸ್ಟೇಷನ್ ಹತ್ತಿರ ಬಂತು ಅಂತ ಮನಸ್ಸು ಓಡು ಅನ್ನುತ್ತದೆ. ನನ್ನ ಪಾದ ಉಳುಕಿದ್ದು ಅಲ್ಲೇ. ನಡೆದೇ ಇಳಿಯಿರಿ. ರೈಲು ತಪ್ಪಿದರೆ ಸ್ಟೇಷನ್ ಪಕ್ಕದ ಕೆಫೆಯಲ್ಲಿ ಒಣ ಸಾಕ್ಸ್ ಹಾಕಿಕೊಂಡು, ಒಂದು ಟೀ ಕುಡಿದು, ಮುಂದಿನ ರೈಲು ಹಿಡಿಯಬಹುದು.