ಕಪ್ಪು ಪರದೆಯ ಫೋನಿಗೆ ಮತ್ತೆ ಫರ್ಮ್‌ವೇರ್ ಹಾಕಿದ್ದು: ನನ್ನ ಅನುಭವ

ಪವರ್ ಬಟನ್ ಎಷ್ಟು ಒತ್ತಿದರೂ ಏನೂ ಇಲ್ಲ. ಚಾರ್ಜರ್ ಹಾಕಿದರೂ ಇಲ್ಲ, ಒಂದು ವೈಬ್ರೇಶನ್ ಕೂಡ ಇಲ್ಲ. ಇಂಥ ಫೋನ್ ಕೈಗೆ ಬಂದರೆ ನಾನು ಅದರ ಪರದೆ ನೋಡುತ್ತಾ ಕೂರುವುದಿಲ್ಲ. ನೇರ ಕಂಪ್ಯೂಟರಿಗೆ ಸಿಕ್ಕಿಸುತ್ತೇನೆ. ಅಲ್ಲಿ ಯಾವ ಹೆಸರಲ್ಲಾದರೂ ಸರಿ, ಕಂಡರೆ ಸಾಕು. ಕಂಡಿತು ಅಂದರೆ ಚಿಪ್‌ಗೆ ಇನ್ನೂ ಜೀವ ಇದೆ, ತೊಂದರೆ ಸಾಫ್ಟ್‌ವೇರಿನದು ಇರಬಹುದು.

ಈ ಸಲ ಬಂದಿದ್ದು ಅಕ್ಕನ ಮಗನ ರೆಡ್ಮಿ ನೋಟ್ 4. 2017ರ ಜನವರಿಯಲ್ಲಿ ಭಾರತಕ್ಕೆ ಬಂದ, ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್ ಇರುವ ಮಾಡೆಲ್. ಹಳೆಯದು ನಿಜ, ಆದರೆ ಕಸ್ಟಮ್ ರಾಮ್ (ಕಂಪನಿಯದಲ್ಲದ, ಬೇರೆಯವರು ತಯಾರಿಸಿದ ಆಂಡ್ರಾಯ್ಡ್) ಹಾಕಿ ಆಡುವ ಹುಡುಗರಿಗೆ ಬಹಳ ಇಷ್ಟದ ಫೋನ್. ಇವನೂ ಬೂಟ್‌ಲೋಡರ್ (ಆಂಡ್ರಾಯ್ಡನ್ನು ಎಬ್ಬಿಸುವ ಪ್ರೋಗ್ರಾಂ) ಅನ್‌ಲಾಕ್ ಮಾಡಿ ಕಸ್ಟಮ್ ರಾಮ್ ಹಾಕಿಕೊಂಡಿದ್ದ. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿಲ್ಲ ಅಂತ ಫರ್ಮ್‌ವೇರ್, ಅಂದರೆ ಫೋನಿನ ಭಾಗಗಳನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಬದಲಿಸಲು ಹೋಗಿದ್ದಾನೆ. ಅಂಗಡಿಯೊಂದರಲ್ಲಿ ತೋರಿಸಿದಾಗ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರಂತೆ.

"ಮಾಮ, ಫಾಸ್ಟ್‌ಬೂಟಲ್ಲಿ ಎಲ್ಲ ಓಕೆ ಓಕೆ ಅಂತ್ಲೇ ಬಂತು. ರೀಸ್ಟಾರ್ಟ್ ಮಾಡಿದೆ, ಅಷ್ಟೇ."

"ಯಾವ ಫೋಲ್ಡರಿಂದ ಹಾಕಿದೆ, ಅದನ್ನ ತೋರಿಸೋ ಮೊದ್ಲು."

ಫಾಸ್ಟ್‌ಬೂಟ್ ಅಂದರೆ ಕಂಪ್ಯೂಟರಿನಿಂದ ಫೋನಿಗೆ ಫೈಲ್ ಬರೆಯುವ ಮೋಡ್. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಅದು ರೆಡ್ಮಿ ನೋಟ್ 3ರ ಪ್ಯಾಕೇಜ್. ಅದರ ಚಿಪ್ಪೇ ಬೇರೆ, ಸ್ನ್ಯಾಪ್‌ಡ್ರ್ಯಾಗನ್ 650. ಶವೋಮಿಯ ಫ್ಲ್ಯಾಶ್ ಸ್ಕ್ರಿಪ್ಟಿನಲ್ಲಿ (ಫೈಲ್‌ಗಳನ್ನು ಸಾಲಾಗಿ ಫೋನಿಗೆ ಬರೆಯುವ ಆದೇಶಗಳ ಪಟ್ಟಿ) ಫೋನಿನ ಮಾಡೆಲ್ ಹೊಂದುತ್ತದಾ ಅಂತ ನೋಡುವ ಒಂದು ಸಾಲು ಇರುತ್ತದೆ. ಹೊಂದದಿದ್ದರೆ ಅದು ಅಲ್ಲೇ ನಿಲ್ಲಿಸುತ್ತದೆ. "ಅದೊಂದೇ ಸಾಲು ಎರರ್ ಕೊಡ್ತಿತ್ತು, ತೆಗೆದುಬಿಟ್ಟೆ" ಅಂದ. ಫೋಟೋ ಹೋಗಬಾರದು ಅಂತ ಸಿಸ್ಟಮ್, ಯೂಸರ್‌ಡೇಟಾ ಮುಂತಾದ ಸಾಲುಗಳನ್ನೂ ತೆಗೆದಿದ್ದ. ಈ ಎರಡನೆಯ ಜಾಣತನದಿಂದ ನನಗೆ ತುಂಬಾ ಉಪಕಾರವಾಯಿತು. ಹಾಳಾಗಿದ್ದು ಬೂಟಿಗೆ ಸಂಬಂಧಿಸಿದ ಚಿಕ್ಕ ಚಿಕ್ಕ ಪಾರ್ಟಿಶನ್‌ಗಳು (ಸ್ಟೋರೇಜಿನ ವಿಭಾಗಗಳು) ಮಾತ್ರ. ಫೋಟೋ, ಕಾಲೇಜಿನ ನೋಟ್ಸ್ ಎಲ್ಲ ಇದ್ದ ಜಾಗದಲ್ಲೇ ಇದ್ದವು.

ಇಂಥ ಫೋನ್ ಯಾಕೆ ಪೂರ್ತಿ ಸಾಯುವುದಿಲ್ಲ ಅನ್ನುವುದನ್ನು ಸ್ವಲ್ಪ ಹೇಳಬೇಕು. ಕ್ವಾಲ್ಕಮ್ ಚಿಪ್ಪಿನ ಒಳಗೆ, ತಯಾರಾಗುವಾಗಲೇ ಕೆತ್ತಿಟ್ಟ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದನ್ನು ಪಿಬಿಎಲ್ ಅನ್ನುತ್ತಾರೆ. ಅದನ್ನು ಯಾರೂ ಅಳಿಸಲು ಆಗುವುದಿಲ್ಲ, ಬದಲಿಸಲೂ ಆಗುವುದಿಲ್ಲ. ಪವರ್ ಬಂದ ತಕ್ಷಣ ಅದು ಸ್ಟೋರೇಜಿನಿಂದ ಎಸ್‌ಬಿಎಲ್1 ಅನ್ನುವ ಮುಂದಿನ ಹಂತವನ್ನು ಓದುತ್ತದೆ, ಅದರ ಡಿಜಿಟಲ್ ಸಹಿ ಸರಿಯಿದೆಯಾ ನೋಡುತ್ತದೆ. ಸರಿಯಿದ್ದರೆ ಕೆಲಸವನ್ನು ಅದಕ್ಕೆ ಒಪ್ಪಿಸುತ್ತದೆ. ಆಮೇಲೆ ಅಬೂಟ್, ಆಮೇಲೆ ಆಂಡ್ರಾಯ್ಡ್ ಕರ್ನಲ್. ನಾವು ನೋಡುವ ಫಾಸ್ಟ್‌ಬೂಟ್ ಪರದೆ ಇರುವುದು ಅಬೂಟಿನಲ್ಲಿ. ಎಸ್‌ಬಿಎಲ್1 ಸರಿಯಿಲ್ಲ ಅಂದರೆ ಪಿಬಿಎಲ್ ಮುಂದೆ ಹೋಗುವುದಿಲ್ಲ. ಸುಮ್ಮನೆ ಯುಎಸ್‌ಬಿ ಕಡೆ ತಿರುಗಿ, ಯಾರಾದರೂ ಏನಾದರೂ ಕೊಡುತ್ತಾರಾ ಅಂತ ಕಾಯುತ್ತದೆ. ಇದೇ ಎಮರ್ಜೆನ್ಸಿ ಡೌನ್‌ಲೋಡ್ ಮೋಡ್, ಎಲ್ಲರೂ ಕರೆಯುವುದು ಇಡಿಎಲ್ ಅಂತ.

ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಇದು 'ಕ್ಯೂಡಿಲೋಡರ್ 9008' ಅಂತ ಕಾಣುತ್ತದೆ. ಡ್ರೈವರ್ ಇಲ್ಲದಿದ್ದರೆ 'ಬಲ್ಕ್' ಅಂತ ಕೊನೆಯಾಗುವ ಹೆಸರು, ಪಕ್ಕದಲ್ಲಿ ಹಳದಿ ಗುರುತು. ನಾನು ಲಿನಕ್ಸ್ ಲ್ಯಾಪ್‌ಟಾಪ್ ಬಳಸಿದೆ. ಅಲ್ಲೂ ಕ್ವಾಲ್ಕಮ್ ಹೆಸರಿನ ಜೊತೆ 9008 ಸಂಖ್ಯೆ ಕಂಡಿತು. ನನಗೆ ಬೇಕಾಗಿದ್ದು ಅದೇ. ಒಂದು ವೇಳೆ ಎಸ್‌ಬಿಎಲ್1 ಚೆನ್ನಾಗಿದ್ದು, ಮುಂದಿನ ಯಾವುದೋ ಹಂತ ಕೆಟ್ಟು ಫೋನ್ ಬೇರೆ ಎಲ್ಲೋ ಸಿಕ್ಕಿಕೊಂಡಿದ್ದರೆ ಹಿಂಬದಿ ಮುಚ್ಚಳ ತೆಗೆದು, ಬೋರ್ಡಿನ ಮೇಲಿರುವ ಎರಡು ಟೆಸ್ಟ್ ಪಾಯಿಂಟ್‌ಗಳನ್ನು ಟ್ವೀಜರ್‌ನಲ್ಲಿ ಶಾರ್ಟ್ ಮಾಡಿ ಇಡಿಎಲ್‌ಗೆ ತರಬೇಕಾಗುತ್ತಿತ್ತು.

ಮುಚ್ಚಳವನ್ನಂತೂ ತೆಗೆದೆ, ಬೇರೆ ಕಾರಣಕ್ಕೆ. ಇಡಿಎಲ್‌ನಲ್ಲಿ ಬಿದ್ದ ಫೋನ್ ಬ್ಯಾಟರಿಯನ್ನು ನಿಧಾನಕ್ಕೆ ತಿನ್ನುತ್ತಾ ಇರುತ್ತದೆ, ಚಾರ್ಜರ್ ಹಾಕಿದರೂ ಸರಿಯಾಗಿ ಚಾರ್ಜ್ ಆಗುವ ಭರವಸೆ ಇಲ್ಲ. ಫ್ಲ್ಯಾಶ್ ಅರ್ಧದಲ್ಲಿ ಇರುವಾಗ ಬ್ಯಾಟರಿ ಕೈಕೊಟ್ಟರೆ ಕಷ್ಟ. ಸಿಮ್ ಟ್ರೇ ಮೊದಲು ಹೊರಗೆ ತೆಗೆಯಬೇಕು. ಬೆರಳಚ್ಚು ಸೆನ್ಸರ್ ಹಿಂಬದಿ ಮುಚ್ಚಳದಲ್ಲೇ ಇರುವುದರಿಂದ ಜೋರಾಗಿ ಕೀಳಬಾರದು. ಮಲ್ಟಿಮೀಟರ್ ಹಿಡಿದು ನೋಡಿದರೆ ಬ್ಯಾಟರಿ ತೀರಾ ಕೆಳಗಿತ್ತು. ರಿಪೇರಿ ಮಾಡುವ ಗೆಳೆಯನೊಬ್ಬನ ಹತ್ತಿರ ಬ್ಯಾಟರಿಯನ್ನು ಹೊರಗೇ ಚಾರ್ಜ್ ಮಾಡುವ ಬೋರ್ಡ್ ಇದೆ. ಅದರಲ್ಲಿ ಚಾರ್ಜ್ ಮಾಡಿಸಿ ಹಾಕಿದೆ. ಕೇಬಲನ್ನೂ ಬದಲಿಸಿದೆ. ರಸ್ತೆ ಬದಿಯ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಲ ಡೇಟಾ ತಂತಿಗಳೇ ಇರುವುದಿಲ್ಲ, ಬರೀ ಚಾರ್ಜಿಂಗ್.

ಇನ್ನು ಫೈಲ್. ಈ ಕೆಲಸದಲ್ಲಿ ಜನ ಎಡವುವುದು ಇಲ್ಲೇ ಜಾಸ್ತಿ. ರೆಡ್ಮಿ ನೋಟ್ 4 ಅನ್ನುವ ಒಂದೇ ಹೆಸರಲ್ಲಿ ಎರಡು ಫೋನ್‌ಗಳಿವೆ. 2016ರಲ್ಲಿ ಚೀನಾದಲ್ಲಿ ಬಂದಿದ್ದು ಮೀಡಿಯಾಟೆಕ್ ಹೀಲಿಯೊ ಎಕ್ಸ್20 ಚಿಪ್ಪಿನದು, ಕೋಡ್ ಹೆಸರು 'ನಿಕೆಲ್'. ನಮ್ಮಲ್ಲಿ ಮಾರಿದ್ದು ಸ್ನ್ಯಾಪ್‌ಡ್ರ್ಯಾಗನ್, ಕೋಡ್ ಹೆಸರು 'ಮಿಡೊ'. ಡಬ್ಬದ ಮೇಲಿನ ಹೆಸರನ್ನು ನಂಬಿ ಡೌನ್‌ಲೋಡ್ ಮಾಡಬಾರದು, ಕೋಡ್ ಹೆಸರು ನೋಡಬೇಕು. ಆಮೇಲೆ ಪ್ಯಾಕೇಜಿನಲ್ಲೂ ಎರಡು ಬಗೆ. ಜಿಪ್ ರೂಪದ ರಿಕವರಿ ರಾಮ್ ಇಲ್ಲಿ ಕೆಲಸಕ್ಕೆ ಬಾರದು. ಟಿಜಿಝೆಡ್ ರೂಪದ ಫಾಸ್ಟ್‌ಬೂಟ್ ರಾಮ್ ಬೇಕು. ಅದರ ಫೈಲ್ ಹೆಸರಿನ ಕೊನೆಯಲ್ಲಿ ಎಂಡಿ5 ಮೊತ್ತದ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಒಂದು ತುಂಡು ಇರುತ್ತದೆ. ಡೌನ್‌ಲೋಡ್ ಆದ ಮೇಲೆ ಎಂಡಿ5 ತೆಗೆದು ಹೋಲಿಸಿದೆ. ಅರ್ಧಂಬರ್ಧ ಇಳಿದ ಫೈಲ್ ಹಾಕಿ ಪೇಚಾಡಿದವರನ್ನು ನೋಡಿದ್ದೇನೆ.

ಆ ಪ್ಯಾಕೇಜಿನ ಇಮೇಜಸ್ ಫೋಲ್ಡರಿನಲ್ಲಿ 'ಫೈರ್‌ಹೋಸ್' ಅನ್ನುವ ಹೆಸರಿರುವ ಒಂದು ಸಣ್ಣ ಫೈಲ್ ಸಿಗುತ್ತದೆ. ಅದೇ ಲೋಡರ್. ಪಿಬಿಎಲ್‌ಗೆ ಸ್ಟೋರೇಜಿಗೆ ಬರೆಯುವ ವಿದ್ಯೆ ಗೊತ್ತಿಲ್ಲ. ಸಹಾರಾ ಅನ್ನುವ ಪ್ರೋಟೊಕಾಲ್ ಮೂಲಕ ಈ ಲೋಡರನ್ನು ತೆಗೆದುಕೊಂಡು ಓಡಿಸುವುದಷ್ಟೇ ಅದರ ಕೆಲಸ. ಓದುವುದು, ಬರೆಯುವುದು ಎಲ್ಲ ಲೋಡರ್ ಮಾಡುತ್ತದೆ. ಲೋಡರಿಗೂ ಫೋನ್ ತಯಾರಕರ ಸಹಿ ಇರಲೇಬೇಕು. ಅದೇ 625 ಚಿಪ್ ಇದ್ದರೂ ಬೇರೆ ಕಂಪನಿಯ ಫೋನಿನ ಲೋಡರ್ ಇಲ್ಲಿ ನಡೆಯುವುದಿಲ್ಲ.

ನಾನು ಬಳಸಿದ್ದು ಇಡಿಎಲ್ ಅನ್ನುವ ಹೆಸರಿನದೇ ಒಂದು ಓಪನ್ ಸೋರ್ಸ್ ಪೈಥಾನ್ ಸಾಧನ. ವಿಂಡೋಸಿನಲ್ಲಿ ಮಿ ಫ್ಲ್ಯಾಶ್ ಇದೆ, ಕ್ಯೂಫಿಲ್ ಇದೆ. ಅವು ಇಡೀ ಪ್ಯಾಕೇಜನ್ನು ಒಂದೇ ಏಟಿಗೆ ಸುರಿಯಲು ಒಳ್ಳೆಯವು. ನನಗೆ ಬೇಕಿದ್ದದ್ದು ಒಂದೊಂದೇ ಪಾರ್ಟಿಶನ್ ಓದಿ, ಒಂದೊಂದೇ ಬರೆಯುವ ಅನುಕೂಲ.

ಶುರುವಿನಲ್ಲಿ ಸಂಪರ್ಕವೇ ಆಗಲಿಲ್ಲ. ಸಾಧನ ಕಾಯುತ್ತಾ ಕೂತಿತು, ಫೋನ್ ಮಾತಾಡಲಿಲ್ಲ. ಕಾರಣ ಇಷ್ಟೇ: ಸಹಾರಾದಲ್ಲಿ ಮೊದಲು 'ಹಲೋ' ಅನ್ನುವುದು ಫೋನ್. ಲಿನಕ್ಸಿನ ಮೋಡೆಮ್ ಮ್ಯಾನೇಜರ್ ಇದನ್ನು ಇಂಟರ್ನೆಟ್ ಡಾಂಗಲ್ ಅಂದುಕೊಂಡು ಮಧ್ಯೆ ಬಂದು ಆ ಹಲೋವನ್ನು ತಾನೇ ಕೇಳಿಸಿಕೊಂಡು ಬಿಟ್ಟಿರುತ್ತದೆ. ಮೋಡೆಮ್ ಮ್ಯಾನೇಜರ್ ನಿಲ್ಲಿಸಿ, ಕ್ಯೂಸಿಸೀರಿಯಲ್ ಡ್ರೈವರನ್ನೂ ತೆಗೆದು, ಪವರ್ ಬಟನ್ ಒತ್ತಿ ಹಿಡಿದು ಫೋನನ್ನು ಮತ್ತೆ ಮೊದಲಿನಿಂದ ಎಬ್ಬಿಸಿದೆ. ಆಗ ಲೋಡರ್ ಹತ್ತಿತು. ಮಿ ಫ್ಲ್ಯಾಶ್‌ನಲ್ಲಿ 'ಹಲೋ ಪ್ಯಾಕೆಟ್ ಸಿಗಲಿಲ್ಲ' ಅನ್ನುವ ಎರರ್ ಬಂದರೂ ಮದ್ದು ಹೆಚ್ಚುಕಡಿಮೆ ಇದೇ. ಬಟನ್ ಒತ್ತಿ ಹಿಡಿದು ಮತ್ತೆ ಎಬ್ಬಿಸುವುದು, ಯುಎಸ್‌ಬಿ 3 ಪೋರ್ಟ್ ಬಿಟ್ಟು 2ಕ್ಕೆ ಹಾಕುವುದು.

ಲೋಡರ್ ಹತ್ತಿದ ಕೂಡಲೇ ಬರೆಯಲು ಕೈ ಹಾಕಲಿಲ್ಲ. ಮೊದಲು ಪಾರ್ಟಿಶನ್ ಪಟ್ಟಿ ತೆಗೆದೆ. ಪಟ್ಟಿ ಪೂರ್ತಿ ಸರಿಯಾಗಿತ್ತು. ಆಮೇಲೆ ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್ ಈ ನಾಲ್ಕನ್ನೂ ಓದಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡೆ. ಐಎಂಇಐ (ಫೋನಿನ ಗುರುತಿನ ಸಂಖ್ಯೆ), ರೇಡಿಯೊ ಕ್ಯಾಲಿಬ್ರೇಶನ್, ಸೆನ್ಸರ್ ಮಾಹಿತಿ ಎಲ್ಲ ಇರುವುದು ಇವುಗಳಲ್ಲಿ. ಆ ಫೋನಿಗೆ ಮಾತ್ರ ಸೇರಿದ ಮಾಹಿತಿ ಅದು, ಯಾವ ಡೌನ್‌ಲೋಡಿನಲ್ಲೂ ಸಿಗುವುದಿಲ್ಲ. ಫೋನ್ ಎದ್ದಿತು, ಆದರೆ ಸಿಮ್ ಹಿಡಿಯುತ್ತಿಲ್ಲ ಅಂತ ಅಳುವವರೆಲ್ಲ ಈ ಹೆಜ್ಜೆ ಬಿಟ್ಟವರು. ಆಮೇಲೆ ಯಾರೋ ಬೇರೆ ಐಎಂಇಐ ಬರೆದುಕೊಡ್ತೀನಿ ಅನ್ನುತ್ತಾರೆ. ಆ ಕಡೆ ಹೋಗಲೇಬೇಡಿ. ಐಎಂಇಐ ತಿದ್ದುವುದರ ವಿರುದ್ಧ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ, 3 ವರ್ಷದವರೆಗೆ ಜೈಲು.

ಯೂಸರ್‌ಡೇಟಾ ಪಾರ್ಟಿಶನನ್ನು ನಕಲು ಮಾಡಿಕೊಳ್ಳಬಾರದಾ ಅಂತ ಹುಡುಗ ಕೇಳಿದ. ಮಾಡಬಹುದು, ಆದರೆ ಪ್ರಯೋಜನವಿಲ್ಲ. ಅದು ಎನ್‌ಕ್ರಿಪ್ಟ್ ಆಗಿತ್ತು, ಕೀಲಿ ಆ ಚಿಪ್ಪಿಗೇ ಅಂಟಿಕೊಂಡಿದೆ. ಫೋಟೋ ಬೇಕು ಅಂದರೆ ಇದೇ ಬೋರ್ಡ್ ಏಳಬೇಕು.

ಎಸ್‌ಬಿಎಲ್1 ಪಾರ್ಟಿಶನ್ ಓದಿ, ಮಿಡೊ ಪ್ಯಾಕೇಜಿನ ಫೈಲಿನ ಜೊತೆ ಹೋಲಿಸಿದೆ. ಪಾರ್ಟಿಶನ್ ಫೈಲಿಗಿಂತ ದೊಡ್ಡದು, ಹಾಗಾಗಿ ಫೈಲ್ ಎಷ್ಟು ಉದ್ದವೋ ಅಷ್ಟನ್ನೇ ಹೋಲಿಸಬೇಕು. ಹೊಂದಲಿಲ್ಲ. ನೋಟ್ 3ರ ಫೈಲಿಗೆ ಹೋಲಿಸಿದೆ, ಪೂರ್ತಿ ಹೊಂದಿತು. ಅದರ ಬ್ಯಾಕಪ್ ಪಾರ್ಟಿಶನ್‌ನಲ್ಲೂ ಅದೇ ಕಥೆ. ಇಲ್ಲಿಗೆ ಊಹೆ ಮುಗಿಯಿತು, ಕಾಯಿಲೆ ಗೊತ್ತಾಯಿತು.

ಬರೆಯುವ ಕ್ರಮದ ಬಗ್ಗೆ ನನಗೆ ಒಂದು ಹಟ ಇದೆ. ಎಸ್‌ಬಿಎಲ್1 ಅನ್ನು ಕಟ್ಟಕಡೆಗೆ ಬರೆಯುತ್ತೇನೆ. ಅದು ಕೆಟ್ಟಿರುವುದರಿಂದಲೇ ಅಲ್ವಾ ಫೋನ್ ತಾನಾಗಿ ಇಡಿಎಲ್‌ಗೆ ಬರುತ್ತಿರುವುದು? ಅದನ್ನು ಮೊದಲೇ ಸರಿಮಾಡಿ, ಉಳಿದದ್ದು ಬರೆಯುವಾಗ ಕರೆಂಟ್ ಹೋಗಿ ಅಥವಾ ಕೇಬಲ್ ಅಲ್ಲಾಡಿ ಕೆಲಸ ನಿಂತರೆ ಫೋನ್ ಎಸ್‌ಬಿಎಲ್1 ದಾಟಿ ಹೋಗಿ ಮುಂದೆ ಎಲ್ಲೋ ಸಿಕ್ಕಿಕೊಳ್ಳಬಹುದು. ಆಗ ಟ್ವೀಜರ್ ಹಿಡಿಯಬೇಕು. ಕೊನೆಯವರೆಗೂ ಅದನ್ನು ಕೆಟ್ಟಂತೆಯೇ ಬಿಟ್ಟರೆ ನಡುವೆ ಏನೇ ಆದರೂ ಮತ್ತೆ 9008ಕ್ಕೇ ಬರುತ್ತದೆ. ಆದ್ದರಿಂದ ಮೊದಲು ಟಿಝೆಡ್, ಆರ್‌ಪಿಎಂ, ಡೆವ್‌ಸಿಎಫ್‌ಜಿ, ಕೀಮಾಸ್ಟರ್, ಸಿಎಮ್‌ಎನ್‌ಲಿಬ್ ಅನ್ನುವ ಸಣ್ಣ ಪಾರ್ಟಿಶನ್‌ಗಳನ್ನು ಬರೆದೆ. ಆಮೇಲೆ ಮೋಡೆಮ್, ಡಿಎಸ್‌ಪಿ, ಅಬೂಟ್. ಪ್ರತಿಯೊಂದಕ್ಕೂ ಬ್ಯಾಕಪ್ ಪಾರ್ಟಿಶನ್ ಇದ್ದಲ್ಲಿ ಅದಕ್ಕೂ ಬರೆದೆ, ಬರೆದದ್ದನ್ನು ಮತ್ತೆ ಓದಿ ಹೋಲಿಸಿದೆ. ಎಲ್ಲ ಹೊಂದಿದ ಮೇಲೆ ಎಸ್‌ಬಿಎಲ್1. ಬರೆಯುವ ಕೆಲಸಕ್ಕೆ ಹಿಡಿದದ್ದು ಕೆಲವೇ ನಿಮಿಷ.

ಕೇಬಲ್ ತೆಗೆದು ಪವರ್ ಬಟನ್ ಒತ್ತಿ ಹಿಡಿದೆ. ವೈಬ್ರೇಟ್ ಆಯಿತು, ಮಿ ಲೋಗೋ ಬಂತು. ಆಮೇಲೆ ಕಸ್ಟಮ್ ರಾಮಿನ ಅನಿಮೇಶನ್, ಆಮೇಲೆ ಪಿನ್ ಕೇಳಿತು. ಹುಡುಗ ಪಿನ್ ಹಾಕಿದ ತಕ್ಷಣ ನಾನು ಮಾಡಿಸಿದ್ದು ಎರಡು ಕೆಲಸ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಎರಡೂ ಐಎಂಇಐ ಡಬ್ಬದ ಮೇಲಿನದಕ್ಕೆ ಹೊಂದುತ್ತದಾ ನೋಡಿದ್ದು, ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿದ್ದು. ವಾಟ್ಸಾಪ್ ನೋಡೋಣ ಅಂತ ಅವನ ಕೈ ಓಡುತ್ತಿತ್ತು, ತಡೆದೆ.

ಬೇರೆ ಫೋನ್‌ಗಳವರಿಗೆ ಎರಡು ಮಾತು. ಸ್ಯಾಮ್‌ಸಂಗ್‌ನಲ್ಲಿ ದಾರಿಯೇ ಬೇರೆ, ಡೌನ್‌ಲೋಡ್ ಮೋಡ್ ಮತ್ತು ಓಡಿನ್ ಅನ್ನುವ ಸಾಧನ. ಅಲ್ಲಿ ಸಿಎಸ್‌ಸಿ ಅನ್ನುವ ಫೈಲ್ ಹಾಕಿದರೆ ಡೇಟಾ ಅಳಿಯುತ್ತದೆ, ಹೋಮ್ ಸಿಎಸ್‌ಸಿ ಹಾಕಿದರೆ ಉಳಿಯುತ್ತದೆ. ಬೂಟ್‌ಲೋಡರ್ ಸಂಖ್ಯೆ ಫೋನಿನಲ್ಲಿರುವುದಕ್ಕಿಂತ ಕಡಿಮೆಯಿರುವ ಫರ್ಮ್‌ವೇರನ್ನು ಅದು ಒಪ್ಪುವುದಿಲ್ಲ. ಮೀಡಿಯಾಟೆಕ್ ಫೋನ್‌ಗಳಿಗೆ ಎಸ್‌ಪಿ ಫ್ಲ್ಯಾಶ್ ಟೂಲ್ ಇದೆ. ಅದರಲ್ಲಿ 'ಫಾರ್ಮ್ಯಾಟ್ ಆಲ್' ಅನ್ನುವ ಆಯ್ಕೆಯನ್ನು ಮುಟ್ಟಲೇಬೇಡಿ, ಎನ್‌ವಿರ್‍ಯಾಮ್ ಪಾರ್ಟಿಶನ್ ಜೊತೆ ಐಎಂಇಐ ಕೂಡ ಹೋಗುತ್ತದೆ. ರೆಡ್ಮಿ ನೋಟ್ 5 ಪ್ರೊದಂಥ ಫೋನ್‌ಗಳಲ್ಲಿ ಹಳೆಯ ಆವೃತ್ತಿಗೆ ಇಳಿಯದಂತೆ ಆಂಟಿ ರೋಲ್‌ಬ್ಯಾಕ್ ಇದೆ. ಫೋನ್ ಚೆನ್ನಾಗಿರುವಾಗಲೇ ಫಾಸ್ಟ್‌ಬೂಟಿನಲ್ಲಿ ಆ ಸಂಖ್ಯೆ ನೋಡಿಕೊಳ್ಳುವುದು ಒಳ್ಳೆಯದು. ಹೊಸ ಶವೋಮಿ ಫೋನ್‌ಗಳ ಇಡಿಎಲ್‌ಗೆ ಅಧಿಕೃತ ಖಾತೆ ಬೇಕು. ದುಡ್ಡು ಕೊಟ್ಟರೆ ದೂರದಿಂದಲೇ ನಿಮ್ಮ ಕಂಪ್ಯೂಟರಿಗೆ ಬಂದು ಮಾಡಿಕೊಡ್ತೀವಿ ಅನ್ನುವವರು ಸಿಗುತ್ತಾರೆ. ಬ್ಯಾಂಕ್ ಕೆಲಸ ಮಾಡುವ ಲ್ಯಾಪ್‌ಟಾಪನ್ನು ಅಪರಿಚಿತರಿಗೆ ತೆರೆದು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟಾದ ಮೇಲೆ ಹುಡುಗನಿಗೆ ಯುಪಿಐ ಆ್ಯಪ್ ಸರಿಯಾಗಿ ನಡೆಯುವ ಫೋನ್ ಬೇಕಾಯಿತು. ಬೂಟ್‌ಲೋಡರ್ ಅನ್‌ಲಾಕ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತಕರಾರು ಮಾಡುತ್ತವೆ. ಫೋಟೋಗಳೆಲ್ಲ ಹೊರಗೆ ಬಂದಿದ್ದರಿಂದ ಮಿಡೊದ ಅಧಿಕೃತ ಪ್ಯಾಕೇಜನ್ನು ಫಾಸ್ಟ್‌ಬೂಟ್ ಮೂಲಕ ಪೂರ್ತಿ ಹಾಕಿದೆ. ಆದರೆ ಮೊದಲು ಲಾಕ್ ಮಾಡದ ಸ್ಕ್ರಿಪ್ಟನ್ನೇ ಓಡಿಸಿದೆ. ಮಿ ಫ್ಲ್ಯಾಶ್‌ನಲ್ಲಿ 'ಕ್ಲೀನ್ ಆಲ್ ಅಂಡ್ ಲಾಕ್' ಮೊದಲೇ ಆಯ್ಕೆಯಾಗಿ ಕೂತಿರುತ್ತದೆ, ಗಮನಿಸದೆ ಒತ್ತಿಬಿಡುವವರು ತುಂಬಾ ಜನ. ಹೊಂದದ ರಾಮ್ ಮೇಲೆ ಲಾಕ್ ಬಿದ್ದರೆ ಫೋನ್ ಏಳುವುದೂ ಇಲ್ಲ, ಫಾಸ್ಟ್‌ಬೂಟಿನಿಂದ ಬರೆಯಲು ಬಿಡುವುದೂ ಇಲ್ಲ. ಶವೋಮಿಯದೇ ಆಂಡ್ರಾಯ್ಡ್ ಆದ ಮಿಯುಐ ಚೆನ್ನಾಗಿ ಎದ್ದು, ಸಿಮ್, ಕ್ಯಾಮೆರಾ, ಬೆರಳಚ್ಚು ಎಲ್ಲ ನಡೆಯುತ್ತದೆ ಅಂತ ಖಾತ್ರಿಯಾದ ಮೇಲೆ ಲಾಕ್ ಮಾಡುವ ಸ್ಕ್ರಿಪ್ಟ್ ಓಡಿಸಿದೆ. ಮೋಡೆಮ್ ಪಾರ್ಟಿಶನ್‌ಗಳ ಆ ಬ್ಯಾಕಪ್ಪನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಅಕ್ಕನ ಕೈಗೇ ಕೊಟ್ಟೆ, ಹುಡುಗನ ಕೈಗಲ್ಲ.